ಎರ್ನ್ಸ್ಟ್‌ನ ‘ಮಳೆಯ ನಂತರದ ಯುರೋಪ್’: ಗಾಜು ಎತ್ತಿದ್ರ ಬಣ್ಣ ಬಳ್ಳಿ ಒಡೀವಲ್ದು, ಎಲ್ಲಿ ತಪ್ಪಾಗ್ಲಾಕತ್ತದ?

ಬಿಸಿಲೂರ ಬಣ್ಣ, ಕಲಬುರಗಿ

ಎಲ್ಲರಿಗೂ ಶರಣು.

ಮ್ಯಾಕ್ಸ್ ಎರ್ನ್ಸ್ಟ್ 1940ರಿಂದ 1942ರೊಳಗ ಮಾಡಿದ ‘ಮಳೆಯ ನಂತರದ ಯುರೋಪ್’ ಚಿತ್ರದ್ದು ಅರ್ಧ ಅಳತೆಯ ಅಭ್ಯಾಸ ಪ್ರತಿ ಮಾಡ್ಲಾಕತ್ತೀನಿ. ಮೂಲ ಹತ್ತಿರ ಹತ್ತಿರ 55 × 148 ಸೆಂ.ಮೀ. ಅದ, ನಂದು 27 × 74. ಅದರಾಗಿನ ಹುಳ ತಿಂದಂಥ ಬಂಡಿಗಲ್ಲು, ಕೊಳೆತ ಕಂಬ, ಹವಳದಂಥ ಗುಡ್ಡ ಎಲ್ಲಾ ಡೆಕಾಲ್ಕೊಮೇನಿಯಾದಿಂದ ಬಂದದ್ದು, ಅಂದ್ರ ಹಸಿ ಬಣ್ಣದ ಮ್ಯಾಲ ಗಾಜರೆ ಹಾಳಿಯರೆ ಒತ್ತಿ ಎತ್ತಿದ್ದು ಅಂತ ಗೊತ್ತದ. ಗೊತ್ತಿದ್ರೂ ಕೈಗೆ ಬರವಲ್ದು.

ನಾ ಹಿಡಿದ ಕ್ರಮ ಇದು. ಚೌಕಟ್ಟಿಗೆ ಬಿಗಿದು ಬರೋ ರೆಡಿ ಹತ್ತಿ ಕ್ಯಾನ್ವಾಸ್, ಅದರ ಮ್ಯಾಲ ಒಂದ ಕೋಟ್ ಜೆಸ್ಸೊ, ಅಂದ್ರ ಬಣ್ಣದ ಕೆಳಗ ಹಚ್ಚೋ ಬಿಳಿ ಅಸ್ತರ. ಬರ್ನ್ಟ್ ಅಂಬರ್, ಯೆಲ್ಲೋ ಓಕರ್, ಸ್ಯಾಪ್ ಗ್ರೀನ್, ಮೂರೂ ಟ್ಯೂಬಿನ ಎಣ್ಣಿ ಬಣ್ಣ, ಅಂದಾಜಿಗೆ ಲಿನ್‌ಸೀಡ್ ಎಣ್ಣಿ ಕಲಸಿದ್ದು. 27 × 74ರ ಒಂದೇ ಗಾಜು, 4 ಎಂ.ಎಂ. ದಪ್ಪ, ಇಡೀ ಕ್ಯಾನ್ವಾಸ್ ಮ್ಯಾಲ ಒತ್ತಿ ಎತ್ತೋದು.

ಆಗ್ಲಾಕತ್ತಿದ್ದು: ನಡುವ ಗಾಜು ಬಣ್ಣಕ್ಕ ತಾಗೇ ಇಲ್ಲ, ಅಲ್ಲಿ ಬ್ರಷ್ ಗೆರಿ ಹಂಗೇ ಅವ. ಅಂಚಿನ್ಯಾಗ ಬಣ್ಣ ಚಕ್ಕಿ ಚಕ್ಕಿಯಾಗಿ ಗಾಜಿನ ಜೊತಿಗೆ ಎದ್ದು ಜೆಸ್ಸೊ ಕಾಣ್ತದ. ಎಲ್ಲಿ ಬಳ್ಳಿ, ಅಂದ್ರ ಕವಲು ಕವಲಾದ ಬಣ್ಣದ ಗೆರಿ, ಒಡದಾವ, ಅಲ್ಲಿ ಹತ್ತು ನಿಮಿಷದಾಗ ಕರಗಿ ಸಪಾಟಾಗ್ತಾವ. ಮೂರೂ ಬಣ್ಣ ಕೂಡಿ ರಾಡಿ. ನಾಲ್ಕ ದಿನಕ್ಕ ಮ್ಯಾಲ ಹಾಲಿನ ಕೆನಿಯಂಗ ಸುಕ್ಕು.

ಎಣ್ಣಿ ಎಷ್ಟು ಹಾಕ್ಬೇಕು? ಆಕಾಶ ಮೊದಲ ಹಚ್ಚಬೇಕೋ ಆಮ್ಯಾಲೋ? ಇನ್ನೊಂದು, ವೈವಾದಾಗ (ಬಾಯಿ ಪರೀಕ್ಷಾದಾಗ) ‘ಇದು ಯುದ್ಧದ ಚಿತ್ರ ಹೆಂಗ, ಬಂದೂಕಿಲ್ಲ ಬಾಂಬಿಲ್ಲ’ ಅಂತ ಕೇಳಿದ್ರ ಏನು ಹೇಳ್ಬೇಕು? ತಿಳಿದವ್ರು ಜರಾ ಬಿಡಿಸಿ ಹೇಳ್ರಿ.


ಫರಸಿಕಲ್ಲು, ಶಹಾಬಾದ

ನೀವು ಬರೆದ ಐದು ತೊಂದರೆಗಳಲ್ಲಿ ಮೊದಲ ಮೂರೂ ಬಣ್ಣದ ಪದರಕ್ಕೆ ಸೇರಿದವು. ಆ ಪದರ ಎಲ್ಲ ಕಡೆ ಒಂದೇ ದಪ್ಪ ಇರಬೇಕು, ಎತ್ತುವ ಹೊತ್ತಿಗೆ ಹರಿಯುವಂತಿರಬೇಕು, ಎತ್ತಿದ ಮೇಲೆ ನಿಲ್ಲುವಂತಿರಬೇಕು. ಬರೀ ಎಣ್ಣೆಯ ಅಳತೆ ಬದಲಿಸಿದರೆ ಇದು ಬಗೆಹರಿಯುವುದಿಲ್ಲ.

ಮೊದಲು ಬಳ್ಳಿ ಹೇಗೆ ಹುಟ್ಟುತ್ತದೆ ನೋಡಿ. ಎರಡು ಸ್ಟೀಲ್ ತಟ್ಟೆಗಳ ನಡುವೆ ಗಟ್ಟಿ ತುಪ್ಪ ಸಿಕ್ಕಿಕೊಂಡಿದ್ದಾಗ ಎಳೆದು ಬಿಡಿಸಿದರೆ ತುಪ್ಪದಲ್ಲಿ ಗಿಡದ ಕೊಂಬೆಗಳಂಥ ಏಣು ಮೂಡಿರುತ್ತವೆ. ಗಾಜು ಎತ್ತುವಾಗಲೂ ಅದೇ ಆಗುವುದು. ಅಂಚಿನಿಂದ ಗಾಳಿ ಒಳಗೆ ನುಗ್ಗುತ್ತದೆ. ಗಾಳಿ ತೆಳು, ಬಣ್ಣ ಮಂದ. ತೆಳುವಾದದ್ದು ಮಂದವಾದದ್ದನ್ನು ತಳ್ಳುವಾಗ ಸಮನಾದ ಗೆರೆಯಲ್ಲಿ ತಳ್ಳುವುದಿಲ್ಲ, ಬೆರಳು ಬೆರಳಾಗಿ ಒಳಗೆ ಸಾಗುತ್ತದೆ, ಬೆರಳು ಮತ್ತೆ ಕವಲೊಡೆಯುತ್ತದೆ. ಬೆರಳುಗಳ ನಡುವೆ ಉಳಿದ ಬಣ್ಣವೇ ನಿಮ್ಮ ಬಳ್ಳಿ. ಸ್ಯಾಫ್‌ಮನ್ ಮತ್ತು ಟೇಲರ್ 1958ರಲ್ಲಿ ಇದರ ಲೆಕ್ಕಾಚಾರ ಕೊಟ್ಟರು. ಚಿತ್ರಕಾರರಿಗೆ ಅದರಿಂದ ಬೇಕಾದದ್ದು ಮೂರೇ ಮಾತು. ಪದರ ದಪ್ಪಗಿದ್ದರೆ ಬಳ್ಳಿ ದಪ್ಪ, ತೆಳ್ಳಗಿದ್ದರೆ ನವಿರು. ಬಣ್ಣ ಮಂದವಾದಷ್ಟೂ ಬಳ್ಳಿ ಸಣ್ಣದಾಗುತ್ತದೆ. ಬೇಗ ಎತ್ತಿದರೆ ಬಳ್ಳಿ ಸಣ್ಣ ಮತ್ತು ಹೆಚ್ಚು, ನಿಧಾನಕ್ಕೆ ಎತ್ತಿದರೆ ಅಗಲ ಮತ್ತು ಕಡಿಮೆ. ಎರ್ನ್ಸ್ಟ್‌ನ ಆ ಚಿತ್ರದಲ್ಲಿ ಎರಡೂ ಬಗೆ ಬೇಕು. ಮುಂದಿನ ಬಂಡೆಗಳಿಗೆ ದಪ್ಪ, ದೂರದವಕ್ಕೆ ನವಿರು.

ಈಗ ನಿಮ್ಮ ಕ್ಯಾನ್ವಾಸ್. ಚೌಕಟ್ಟಿಗೆ ಬಿಗಿದ ಬಟ್ಟೆಯ ಹಿಂದೆ ಟೊಳ್ಳು. ಮೇಲೆ ಒತ್ತಿದರೆ ನಡುಭಾಗ ಕೆಳಗೆ ಹೋಗುತ್ತದೆ, ಗಾಜು ಬಾಗುವುದಿಲ್ಲ, ಆದ್ದರಿಂದ ಅಲ್ಲಿ ತಾಗುವುದೇ ಇಲ್ಲ. ಚೌಕಟ್ಟಿನ ಒಳ ಅಳತೆಗೆ ಒಂದು ಪ್ಲೈವುಡ್ ತುಂಡು ಕೊಯ್ಸಿ, ಅದರ ಕೆಳಗೆ ರಟ್ಟು ಜೋಡಿಸಿ, ಬಟ್ಟೆಯ ಬೆನ್ನಿಗೆ ಸರಿಯಾಗಿ ತಾಗುವಷ್ಟು ಎತ್ತರ ಮಾಡಿ. ಇದಕ್ಕಿಂತ ಒಳ್ಳೆಯದು 6 ಎಂ.ಎಂ. ಎಂ.ಡಿ.ಎಫ್. ಹಲಗೆಯ ಮೇಲೆಯೇ ಮಾಡುವುದು. ಅಭ್ಯಾಸ ಪ್ರತಿಗೆ ಬಟ್ಟೆಯೇ ಆಗಬೇಕೆಂಬ ಹಟ ಬೇಡ. ಕೆಳಗೆ ನಯ ಮಾಡಿದ ಫರಸಿ ನೆಲ ಇದ್ದರೆ ಸಾಕು, ನಮ್ಮ ಭಾಗದ ಯಾವ ಮನೆಯಲ್ಲೂ ಅದಕ್ಕಿಂತ ಸಮತಟ್ಟಾದ ಟೇಬಲ್ ಸಿಗುವುದಿಲ್ಲ.

ಚಕ್ಕೆ ಏಳುವುದಕ್ಕೆ ಕಾರಣ ಒಂದೇ ಕೋಟ್ ಜೆಸ್ಸೊ. ತೆಳು ಜೆಸ್ಸೊ ಎಣ್ಣೆಯನ್ನು ಹೀರುತ್ತದೆ. ಎಣ್ಣೆ ಕಳೆದುಕೊಂಡ ಬಣ್ಣ ಹರಿಯುವ ಬದಲು ಕಿತ್ತು ಬರುತ್ತದೆ. ಮೂರು ಕೋಟ್ ಕೊಡಿ, ಒಂದು ಅಡ್ಡ, ಮುಂದಿನದು ಉದ್ದ. ಪ್ರತಿ ಕೋಟ್ ಒಣಗಿದ ಮೇಲೆ 220 ನಂಬರ್ ಸ್ಯಾಂಡ್ ಪೇಪರ್, ಕೊನೆಗೆ 320. ಬಟ್ಟೆಯ ನೇಯ್ಗೆ ಬೆರಳಿಗೆ ತಿಳಿಯಬಾರದು, ತಿಳಿದರೆ ಪ್ರತಿ ಎಳೆಯ ಮೇಲೂ ಬಳ್ಳಿ ತುಂಡಾಗುತ್ತದೆ. ಅದರ ಮೇಲೆ ಓಕರ್ ಮತ್ತು ಸ್ವಲ್ಪ ಬರ್ನ್ಟ್ ಸಿಯೆನಾ ಸೇರಿಸಿದ ತೆಳು ಎಣ್ಣೆ ಬಣ್ಣದ ಪದರ ಬಳಿದು ಪೂರ್ತಿ ಒಣಗಲು ಬಿಡಿ, ಒಂದು ವಾರ. ಇದು ಹೀರುವಿಕೆಯನ್ನು ನಿಲ್ಲಿಸುತ್ತದೆ, ಜೊತೆಗೆ ಬಳ್ಳಿಗಳ ಸಂದಿನಿಂದ ಬೆಚ್ಚನೆಯ ಬಣ್ಣ ಇಣುಕುತ್ತದೆ. ಬಿಳಿ ಇಣುಕಿದರೆ ಸುಣ್ಣ ಉದುರಿದ ಗೋಡೆಯಂತೆ ಕಾಣುತ್ತದೆ.

ಬಣ್ಣದ ಹದ: ಟ್ಯೂಬಿನ ಬಣ್ಣ 4 ಪಾಲು, ಮೀಡಿಯಂ 1 ಪಾಲು. ಮೀಡಿಯಂ ಎಂದರೆ ಲಿನ್‌ಸೀಡ್ ಮತ್ತು ಟರ್ಪೆಂಟೈನ್ ಸಮ ಸಮ. ಇದನ್ನೂ ಕಣ್ಣಳತೆಗೆ ಬಿಡಬೇಡಿ, ಚಮಚದಲ್ಲಿ ಅಳೆಯಿರಿ. ಪರೀಕ್ಷೆ ಹೀಗೆ: ಚಾಕುವಿನ ತುದಿಯನ್ನು ಬಣ್ಣದಲ್ಲಿ ಅದ್ದಿ ಮೇಲೆತ್ತಿದರೆ ಒಂದು ಕೊಂಬು ಏಳುತ್ತದೆ. ಅದು ತಲೆ ಬಾಗಿಸಬೇಕು, ಮಲಗಬಾರದು. ಅರವತ್ತು ಎಣಿಸುವುದರೊಳಗೆ ಮಲಗಿದರೆ ಎಣ್ಣೆ ಹೆಚ್ಚಾಗಿದೆ. ನಿಮ್ಮ ಬಳ್ಳಿ ಕರಗಿದ್ದು ಇದರಿಂದಲೇ. ನೆಟ್ಟಗೆ ನಿಂತೇ ಇದ್ದರೆ ಬಣ್ಣ ಗಟ್ಟಿ, ಕವಲೊಡೆಯುವುದಿಲ್ಲ, ಮೊನೆ ಮೊನೆಯಾಗಿ ಏಳುತ್ತದೆ.

ಎಷ್ಟು ಬಣ್ಣ ಬೇಕು ಎಂದು ನೀವು ಕೇಳಿಲ್ಲ, ಆದರೆ ಅಲ್ಲೇ ಹೆಚ್ಚಿನವರು ಸೋಲುವುದು. ನಿಮ್ಮ ಹಲಗೆಯ ಕೆಳಗಿನ ಮೂರನೇ ಎರಡು ಭಾಗ ಸುಮಾರು 1300 ಚದರ ಸೆಂ.ಮೀ. ಪದರ 0.2 ಎಂ.ಎಂ. ಇರಲಿ, ಅಂದರೆ 26 ಮಿಲಿ. ಮೂರು ಬಣ್ಣ ಸೇರಿ ಒಂದು 40 ಮಿಲಿ ಟ್ಯೂಬಿನಷ್ಟೂ ಬೇಡ. ಇದರ ಎರಡರಷ್ಟು ಹಾಕಿದರೆ ಬಳ್ಳಿ ಹಗ್ಗದಂತಾಗುತ್ತದೆ, ತಿಂಗಳಾದರೂ ಒಳಗೆ ಒಣಗುವುದಿಲ್ಲ, ಮೇಲೆ ಮಾತ್ರ ಕೆನೆ ಕಟ್ಟಿ ಸುಕ್ಕಾಗುತ್ತದೆ. ನಿಮ್ಮ ಐದನೇ ತೊಂದರೆಯ ಉತ್ತರವೂ ಇದೇ. ದಪ್ಪ ಪದರ, ಹೆಚ್ಚು ಎಣ್ಣೆ, ಮೇಲೆ ನಮ್ಮ ಬಿಸಿಲು.

ರಾಡಿಯಾಗುವುದಕ್ಕೆ ಕಾರಣ ಗಾಜನ್ನು ಇಟ್ಟ ಮೇಲೆ ಸರಿಸುವುದು ಅಥವಾ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತುವುದು. ಬಣ್ಣಗಳನ್ನು ಬಿಲ್ಲೆ ಬಿಲ್ಲೆಯಾಗಿ ಪಕ್ಕ ಪಕ್ಕ ಇಡಿ, ಬ್ರಷ್‌ನಿಂದ ಬೆರೆಸಬೇಡಿ, ಗಾಜು ಒತ್ತಿದಾಗ ಅಂಚುಗಳಲ್ಲಿ ತಾವೇ ಸೇರುತ್ತವೆ. ಒಮ್ಮೆ ಒತ್ತಿ, ಒಮ್ಮೆ ಎತ್ತಿ, ಮುಗಿಯಿತು. ಮನಸ್ಸಿಗೆ ಬರದಿದ್ದರೆ ಚಾಕುವಿನಿಂದ ಕೆರೆದು ತೆಗೆದು ಹೊಸದಾಗಿ ಹಚ್ಚಿ, ಅದರ ಮೇಲೆಯೇ ಎರಡನೇ ಸಲ ಒತ್ತಬೇಡಿ.

74 ಸೆಂ.ಮೀ. ಗಾಜು ಒಬ್ಬರ ಕೈಗೆ ಸಿಗುವುದಿಲ್ಲ, ಹೀರಿ ಹಿಡಿದುಕೊಂಡಿರುತ್ತದೆ, ಎಳೆದರೆ ಒಡೆಯುತ್ತದೆ. ಗಾಜಿನ ಅಂಗಡಿಯಲ್ಲಿ 20 × 15, 15 × 10, 10 × 8 ಹೀಗೆ ಮೂರು ತುಂಡು ಕೊಯ್ಸಿ, ಅಂಚನ್ನು ಕಲ್ಲಿಗೆ ಉಜ್ಜಿಸಿಕೊಳ್ಳಿ. ಕೈಗವಸು ಇರಲಿ. ಒಂದು ಮೂಲೆಗೆ ಪ್ಯಾಲೆಟ್ ನೈಫ್ ತೂರಿಸಿ ಗಾಳಿಗೆ ದಾರಿ ಮಾಡಿ, ಆ ಮೂಲೆಯಿಂದ ಪುಸ್ತಕದ ಪುಟ ತೆರೆದಂತೆ ಎತ್ತಿ. ಎಲ್ಲ ಕಡೆಯಿಂದ ಒಮ್ಮೆಗೇ ನೆಟ್ಟಗೆ ಎತ್ತಿದರೆ ಬಳ್ಳಿಗಳು ಅಂಚಿನಿಂದ ನಡುವಿಗೆ ಸೇರುತ್ತವೆ, ಗುಡ್ಡದ ನೆತ್ತಿಗೆ ಅದು ಚೆನ್ನ. ಗಾಜಿನ ಬದಲು ಓ.ಎಚ್.ಪಿ. ಶೀಟ್ (ಬಾಗುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಬಳಸಿ ಸುಲಿದರೆ ಬಳ್ಳಿಗಳೆಲ್ಲ ಸುಲಿದ ದಿಕ್ಕಿಗೇ ಓಡುತ್ತವೆ. ನೆಟ್ಟಗಿನ ಕಂಬಗಳಿಗೆ ಮೇಲಿನಿಂದ ಕೆಳಗೆ ಸುಲಿಯಿರಿ. ಗಾಜಿನ ಮೇಲೆ ಉಳಿದ ಬಣ್ಣ ಒರೆಸಿ ಎಸೆಯಬೇಡಿ, ಅದನ್ನೇ ಪಕ್ಕದ ಖಾಲಿ ಜಾಗಕ್ಕೆ ಒತ್ತಿದರೆ ಮಸುಕಾದ ಎರಡನೇ ಅಚ್ಚು ಬರುತ್ತದೆ, ದೂರದ ಬಂಡೆಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಏಪ್ರಿಲ್, ಮೇ ತಿಂಗಳಾದರೆ ಬೆಳಿಗ್ಗೆ ಆರರಿಂದ ಎಂಟರೊಳಗೆ ಒತ್ತುವ ಕೆಲಸ ಮುಗಿಸಿ. ಮಧ್ಯಾಹ್ನದ ನಲವತ್ತು ಡಿಗ್ರಿಯಲ್ಲಿ ಟರ್ಪೆಂಟೈನ್ ಹಾರಿಹೋಗಿ, ನೀವು ಎರಡನೇ ಬಿಲ್ಲೆ ಹಚ್ಚುವಷ್ಟರಲ್ಲಿ ಮೊದಲನೆಯದರ ಹದ ಕೆಟ್ಟಿರುತ್ತದೆ. ಒಂದು ಗಾಜಿನಷ್ಟು ಜಾಗಕ್ಕೆ ಬಣ್ಣ ಹಚ್ಚಿ, ಒತ್ತಿ, ಎತ್ತಿ, ಆಮೇಲೆ ಮುಂದಿನದು.


ಕೆಂಪು ಕೋಟಿ, ಬೀದರ

ಮ್ಯಾಲಿನವ್ರು ಒತ್ತೋದು ಎತ್ತೋದು ಛಲೋ ಹೇಳ್ಯಾರ. ಆದ್ರ ಒತ್ತಿ ಎತ್ತಿದ್ದು ಇನ್ನಾ ಚಿತ್ರ ಅಲ್ಲ, ಬರೇ ಮೈ. ಎರ್ನ್ಸ್ಟ್ ಚಿತ್ರ ಮಾಡಿದ್ದು ಆಕಾಶದಿಂದ. ಆಕಾಶ ಆಮ್ಯಾಲೇ ಹಚ್ಚಬೇಕು, ಮೊದಲ ಅಲ್ಲ.

ಚಿತ್ರ ದೊಡ್ಡದು ಮಾಡಿ ನೋಡ್ರಿ. ಬಂಡಿ ಅಂಚು ಎಲ್ಲಿ ಮುಗೀತದ, ಅಲ್ಲಿ ಬಂಡಿ ಬಣ್ಣ ಮುಗಿದಿಲ್ಲ. ನೀಲಿ ಬಣ್ಣ ಬಂದು ಅದನ್ನ ಕಡದದ. ಅಂದ್ರ ಗುಡ್ಡದ ಗೆರಿ ಗುಡ್ಡದ ಕಡಿಂದ ಎಳದದ್ದಲ್ಲ, ಆಕಾಶದ ಕಡಿಂದ ಎಳದದ್ದು. ಒಂದ ರಾಡಿ ಹರವಿನ್ಯಾಗ ಯಾವುದು ಉಳೀಬೇಕು, ಯಾವುದು ಮುಚ್ಚಬೇಕು ಅಂತ ನಿರ್ಧಾರ ಮಾಡೋದೇ ಇದರ ನಿಜವಾದ ಕೆಲಸ. ಒತ್ತೋದು ಒಂದ ನಿಮಿಷ, ಈ ಕೆಲಸ ವಾರಗಟ್ಟಲೆ.

ಹಿಂಗ ಮಾಡ್ರಿ. ಬಳ್ಳಿ ಬಂದ ಕೂಡ್ಲೆ, ಹಸಿ ಇರುವಾಗಲೇ, ಆಕಾಶ ಬರೋ ಜಾಗದಾಗಿನ ಬಣ್ಣ ಪ್ಯಾಲೆಟ್ ನೈಫಿಂದ ಕೆರದು ತಗೀರಿ, ಬಂಡಿ ಅಂಚಿನ ಹೊರಗ 2-3 ಸೆಂ.ಮೀ. ಮಾತ್ರ ಉಳಿಸ್ರಿ. ಇದು ಮರತ್ರ ಒಣಗಿದ ಬಳ್ಳಿ ನೀಲಿ ಬಣ್ಣದ ಕೆಳಗಿಂದ ಎದ್ದು ಕಾಣ್ತದ, ಆಕಾಶದಾಗ ನರ ಉಬ್ಬಿದಂಗ. ಆಮ್ಯಾಲ ಎಷ್ಟ ಕೋಟ್ ಹಚ್ಚಿದ್ರೂ ಹೋಗಂಗಿಲ್ಲ. ಉಳಿಸಿದ ಆ ಪಟ್ಟಿ ಒಣಗಿದ ಮ್ಯಾಲ 400 ನಂಬರ್ ವಾಟರ್ ಪೇಪರ್ ತೋಯ್ಸಿ ಹಗೂರ ತಿಕ್ಕಿ ಸಪಾಟ ಮಾಡ್ಕೋರಿ. ಒಣಾ ತಿಕ್ಕಬ್ಯಾಡ್ರಿ, ಬಣ್ಣದ ಧೂಳು ಎದಿಯೊಳಗ ಹೋಗ್ತದ.

ಒಣಗ್ಯಾದೋ ಇಲ್ಲೋ ನೋಡ್ಲಾಕ ಎಲ್ಲಕಿಂತ ದಪ್ಪ ಬಳ್ಳಿ ಹುಡುಕಿ ಉಗುರು ಒತ್ತಿ ನೋಡ್ರಿ. ಗುರ್ತು ಬಿದ್ರ ಇನ್ನಾ ತಡೀರಿ. ಅಂಬರ್ ಲಗೂ ಒಣಗ್ತದ, ಅದರಾಗ ಮ್ಯಾಂಗನೀಸ್ ಅದ. ಕರಿ ಬಣ್ಣ, ಅಲಿಝರಿನ್ ಕೆಂಪು ಭಾಳ ತಡ. ಹಸಿ ಮ್ಯಾಲ ಆಕಾಶ ಹಚ್ಚಿದ್ರ ಮುಂದ ಸೀಳು ಬಿಡ್ತದ. ಆಕಾಶದ ಬಣ್ಣಕ್ಕ ಕೆಳಗಿನದ್ದಕಿಂತ ಜರಾ ಹೆಚ್ಚು ಎಣ್ಣಿ ಇರ್ಬೇಕು, ಕಡಿಮಿ ಇರಬಾರದು.

ಬಣ್ಣ ಟೈಟೇನಿಯಂ ಬಿಳಿ, ಸೆರುಲಿಯನ್, ಮ್ಯಾಲ ಹೋದಂಗ ಚೂರು ಅಲ್ಟ್ರಾಮರೀನ್. ಹರವಿಗೆ 12 ನಂಬರ್ ಚಪ್ಪಟಿ ಬ್ರಷ್, ಅಂಚಿಗೆ 2 ನಂಬರ್ ದುಂಡು, ಬಂಡಿ ನಡುವಿನ ಕಿಂಡಿಗೆ 0. ಕಿಂಡಿ ಬಿಡಬ್ಯಾಡ್ರಿ! ಬಂಡಿ ಒಳಗ ಅಲ್ಲಲ್ಲಿ ಕಾಳಿನಷ್ಟು ನೀಲಿ ಇಟ್ರ ಸಾಕು, ಇಡೀ ಗುಡ್ಡ ಆರಪಾರ ಕೊರದುಹೋದಂಗ ಕಾಣ್ತದ. ದೂರದ ಬಂಡಿಗೆ ಆಕಾಶದ ಬಣ್ಣಾನೇ ತೆಳ್ಳಗ ಒರಸ್ರಿ, ಹಿಂದಕ್ಕ ಸರೀತದ.

ಇನ್ನ ಬೆಳಕು. ಬಳ್ಳಿ ತಾನಾಗೇ ಬಂದದ್ದು, ಅದಕ್ಕ ಬೆಳಕಿನ ದಿಕ್ಕಿಲ್ಲ. ದಿಕ್ಕು ನೀವೇ ಕೊಡಬೇಕು. ಇದನ್ನ ಕಲೀಲಾಕ ಬೀದರ ಕೋಟಿ ಗ್ವಾಡಿ ಮುಂದ ನಿಂದ್ರಬೇಕು, ನಮ್ಮ ಕೆಂಪು ತೂತಿನ ಲ್ಯಾಟರೈಟ್ ಕಲ್ಲಿನ ಮುಂದ, ಸಂಜಿ ಐದರ ಓರಿ ಬಿಸಿಲಿನ್ಯಾಗ. ಬಿಸಿಲು ಎಡಗಡಿಂದ ಬಂದ್ರ ತೂತಿನ ಎಡ ತುಟಿ ಒಳಮೈ ಕಪ್ಪು, ಬಲ ತುಟಿ ಒಳಮೈ ಬೆಳ್ಳಗ. ಉಬ್ಬಿಗೆ ಇದರ ಉಲ್ಟಾ, ಎಡ ಬೆಳಕು, ಬಲ ನೆರಳು. ಇಷ್ಟೇ ನಿಯಮ. ನಿಮ್ಮ ಹಲಗಿ ಮ್ಯಾಲ ಯಾವುದು ತೂತು, ಯಾವುದು ಉಬ್ಬು ಅಂತ ಮೊದಲ ಚಾಕ್‌ಪೀಸ್‌ಲೆ ಗುರ್ತು ಮಾಡ್ಕೊಂಡು, ತಗ್ಗಿಗೆ ಬರ್ನ್ಟ್ ಸಿಯೆನಾ ಇಲ್ಲಾ ವಿರಿಡಿಯನ್ ಗ್ಲೇಜ್ ಹಚ್ರಿ, ಅಂದ್ರ ಕೆಳಗಿಂದು ಕಾಣೋವಷ್ಟು ತೆಳು ಬಣ್ಣ. 1 ಪಾಲು ಬಣ್ಣ, 6 ಪಾಲು ಮೀಡಿಯಂ. ಹಚ್ಚಿ ಎರಡ ನಿಮಿಷಕ್ಕ ಹಳೇ ಹತ್ತಿ ಅರಿವಿಲೆ ಒರಸ್ರಿ, ಏಣಿನ ಮ್ಯಾಲಿಂದು ಹೋಗ್ತದ, ತಗ್ಗಿನ್ಯಾಗಿಂದು ಉಳೀತದ. ಅದು ಒಣಗಿದ ಮ್ಯಾಲ ಒಣಾ ಬ್ರಷ್‌ಲೆ ಬೆಳಕಿನ ಕಡಿ ಏಣಿಗೆ ಮಾತ್ರ ತಿಳಿ ಬಣ್ಣ ಸವರ್ರಿ. ಅಷ್ಟೊತ್ತಿಗೆ ಬಣ್ಣದ ಕಲಿ ಹೋಗಿ ಕಲ್ಲಾಗಿರ್ತದ.


ಬಿಸಿಲೂರ ಬಣ್ಣ, ಕಲಬುರಗಿ

ಭಾಳ ಉಪಕಾರ ಆಯ್ತು. ಎರಡ ಸಂಶಯ ಅವ. ಎಣ್ಣಿ ಬಣ್ಣ ಬಿಟ್ಟು ಅಕ್ರಿಲಿಕ್‌ನ್ಯಾಗ ಮಾಡಿದ್ರ ಒಣಗೋ ತ್ರಾಸು ತಪ್ಪಂಗಿಲ್ಲೇನು? ಮತ್ತ ಮೂಲ ಚಿತ್ರದಾಗಿನ ಹಕ್ಕಿ ತಲಿ ಮನಷ್ಯಾ, ಆ ಹೆಣ್ಮಗಳು, ಅವರನ್ನ ಬಳ್ಳಿ ಒಳಗಿಂದ ಹುಡುಕಿ ತಗೀಬೇಕೋ, ಮ್ಯಾಲ ಬ್ಯಾರೆ ಬರೀಬೇಕೋ?


ಫರಸಿಕಲ್ಲು, ಶಹಾಬಾದ

ಅಕ್ರಿಲಿಕ್ ಈ ಕೆಲಸಕ್ಕೆ ಬೇಡ. ನಮ್ಮ ಸೆಕೆಯಲ್ಲಿ ತೆಳು ಅಕ್ರಿಲಿಕ್ ಎರಡು ಮೂರು ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ, ಗಾಜು ಅಂಟಿ ಕೂರುತ್ತದೆ. ರಿಟಾರ್ಡರ್ ಸೇರಿಸಿದರೆ ತಡವಾಗುತ್ತದೆ, ಆದರೆ ಒಣಗುವಾಗ ನೀರು ಹೋಗಿ ಪದರ ಕುಗ್ಗುತ್ತದೆ, ಬಳ್ಳಿಯ ಏಣು ಅರ್ಧಕ್ಕರ್ಧ ಇಳಿಯುತ್ತದೆ. ಬೇಗ ಒಣಗಬೇಕೆಂದರೆ ಎಣ್ಣೆ ಬಣ್ಣಕ್ಕೆ ಲಿನ್‌ಸೀಡ್ ಬದಲು ಆಲ್ಕಿಡ್ ಮೀಡಿಯಂ ಸೇರಿಸಿ.

ಕೈ ಪಳಗಿಸಲು ಮಾತ್ರ ಪೋಸ್ಟರ್ ಕಲರ್ ಒಳ್ಳೆಯದು, ಖರ್ಚಿಲ್ಲ. ನುಣುಪಾದ ಆರ್ಟ್ ಪೇಪರ್ 170 ಜಿ.ಎಸ್.ಎಂ., ಕಪ್ಪು ಬಣ್ಣ ಮೊಸರಿನ ಹದಕ್ಕೆ, ಇನ್ನೊಂದು ಹಾಳೆ ಮೇಲಿಟ್ಟು ಅಂಗೈಯಲ್ಲಿ ಸವರಿ, ಸುಲಿಯಿರಿ. ಸಾದಾ ಡ್ರಾಯಿಂಗ್ ಶೀಟ್ ಬೇಡ, ನೀರು ಹೀರಿ ಕಲೆ ಮಾತ್ರ ಉಳಿಯುತ್ತದೆ. ಇಪ್ಪತ್ತು ಹಾಳೆ ಮಾಡಿದರೆ ಒತ್ತುವ ಬಲ, ಎತ್ತುವ ವೇಗ ಕೈಗೆ ತಿಳಿಯುತ್ತದೆ. ಸರ್ರಿಯಲಿಸ್ಟರ (ಕನಸಿನಂಥ ಚಿತ್ರ ಮಾಡಿದ ಕಲಾವಿದರ ಗುಂಪು) ನಡುವೆ ಇದನ್ನು ಮೊದಲು ಮಾಡಿದ ಆಸ್ಕರ್ ಡೊಮಿಂಗೇಜ್ ಕೂಡ 1930ರ ದಶಕದ ನಡುವಿನಲ್ಲಿ ಮಾಡಿದ್ದು ಹೀಗೆಯೇ, ಕಾಗದದ ಮೇಲೆ ಕಪ್ಪು ಗೌಶ್‌ನಲ್ಲಿ, ಅಂದರೆ ಪೋಸ್ಟರ್ ಕಲರ್‌ನಂಥ ನೀರಿನ ಬಣ್ಣದಲ್ಲಿ. ಎಣ್ಣೆ ಬಣ್ಣಕ್ಕೆ, ಕ್ಯಾನ್ವಾಸ್‌ಗೆ ತಂದು ಅದನ್ನು ದೊಡ್ಡ ಚಿತ್ರದ ಅಡಿಪಾಯ ಮಾಡಿಕೊಂಡವನು ಎರ್ನ್ಸ್ಟ್. ಆದ್ದರಿಂದ ವೈವಾದಲ್ಲಿ ‘ಡೆಕಾಲ್ಕೊಮೇನಿಯಾ ಎರ್ನ್ಸ್ಟ್ ಕಂಡುಹಿಡಿದ’ ಎನ್ನಬೇಡಿ. ಅವನದು ಫ್ರೊಟ್ಟಾಜ್, 1925ರದು: ಮರದ ಹಲಗೆ, ಎಲೆ ಇಂಥವುಗಳ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುವುದು. ಅದನ್ನೇ ಎಣ್ಣೆ ಬಣ್ಣದಲ್ಲಿ ಕೆರೆದು ಮಾಡಿದರೆ ಗ್ರಟ್ಟಾಜ್. ಮೂರನ್ನೂ ಬೆರೆಸಿ ಹೇಳುವುದು ಬಹಳ ಕಡೆ ಕಾಣುತ್ತದೆ.

ಆಕೃತಿಗಳ ಬಗ್ಗೆ: ಎರಡೂ. ಹಲಗೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿ, ಕಣ್ಣು ಅರ್ಧ ಮುಚ್ಚಿ. ಫೋಟೊ ತೆಗೆದು ಪ್ರಿಂಟ್ ಹಾಕಿಸಿ ಅದರ ಮೇಲೆ ಪೆನ್ಸಿಲ್‌ನಲ್ಲಿ ಗುರುತಿಸಿ, ಹಲಗೆಯನ್ನು ಮುಟ್ಟಬೇಡಿ. ಪ್ರಾಣಿಯ ಬೆನ್ನು, ಮುರಿದ ತೋಳು ಇಂಥವು ಬಳ್ಳಿಯಿಂದಲೇ ಸಿಗುತ್ತವೆ, ಒಂದು ಕಣ್ಣಿಟ್ಟರೆ ಸಾಕು. ಆದರೆ ಚಿತ್ರದ ನಡುಭಾಗದ ಆ ಇಬ್ಬರು, ಶಿರಸ್ತ್ರಾಣದ ಹಕ್ಕಿ ತಲೆಯವನು ಮತ್ತು ಬೆನ್ನು ತಿರುಗಿಸಿದ ಹೆಂಗಸು, ಯೋಚಿಸಿ ಬ್ರಷ್‌ನಿಂದ ಬರೆದವರು. ನಿಮ್ಮ ಪ್ರತಿಯಲ್ಲಿ ಆ ಜಾಗವನ್ನು ಒತ್ತುವ ಮೊದಲೇ ಖಾಲಿ ಬಿಡಿ, ದಪ್ಪ ಬಳ್ಳಿಯ ಮೇಲೆ ಮುಖ ಬರೆಯಲು ಹೋದರೆ ಸಣ್ಣ ಬ್ರಷ್ ಏಣಿನಿಂದ ಏಣಿಗೆ ಜಾರುತ್ತದೆ.


ಹಳೇ ಚೌಕಟ್ಟು, ಕಲಬುರಗಿ

ವೈವಾದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ.

ಮೊದಲು, ಬಾಂಬ್ ಬಿದ್ದ ಊರಿನ ಚಿತ್ರ ಎಂದು ಹೇಳಲೇಬೇಡಿ. ಅಲ್ಲಿ ಊರಿಲ್ಲ. ಕಂಬವೋ ಮರವೋ ಹೆಣವೋ ಎಂದು ಬೇರ್ಪಡಿಸಲಾಗದ ರಾಶಿ ಇದೆ, ಮೇಲೆ ತಿಳಿಯಾದ ಆಕಾಶ ಇದೆ. ಹೆಸರಿನಲ್ಲಿರುವ ಮಳೆ ನಮ್ಮ ಮುಂಗಾರಲ್ಲ, ಎಲ್ಲವನ್ನೂ ಮುಳುಗಿಸಿ ಇಳಿದುಹೋದ ಪ್ರಳಯ. ನೀರು ಇಳಿದ ಮೇಲೆ ಏನು ಉಳಿಯಿತು ಎನ್ನುವುದು ಚಿತ್ರ.

ಎರಡನೆಯದು, ಇಸವಿಗಳನ್ನು ಸರಿಯಾಗಿ ಇಟ್ಟುಕೊಳ್ಳಿ. ಇದೇ ಹೆಸರಿನ ಮೊದಲ ಚಿತ್ರ 1933ರದು, ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ. ಅದು ಪ್ಲೈವುಡ್ ಮೇಲೆ ಪ್ಲಾಸ್ಟರ್ ಮತ್ತು ಎಣ್ಣೆ ಬಣ್ಣದಲ್ಲಿ ಮಾಡಿದ, ಗುರುತು ಸಿಗದಂತೆ ಕಲಸಿಹೋದ ಯುರೋಪಿನ ಉಬ್ಬು ನಕಾಶೆ. ನೀವು ಮಾಡುತ್ತಿರುವುದು ಎರಡನೆಯದು. ಯುದ್ಧದ ನಡುವೆ ಫ್ರಾನ್ಸ್‌ನಲ್ಲಿ ಶುರುವಾಗಿ ಅಮೆರಿಕದಲ್ಲಿ ಮುಗಿದದ್ದು. ಮುಗಿದಾಗ ಯುದ್ಧ ಮುಗಿದಿರಲಿಲ್ಲ, ಯಾರು ಗೆಲ್ಲುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಇದನ್ನು ‘ಯುದ್ಧ ಮುಗಿದ ಮೇಲಿನ ಚಿತ್ರ’ ಎಂದರೂ ತಪ್ಪು. ಮುಗಿಯದ ಯುದ್ಧದ ಕೊನೆಯನ್ನು ಮೊದಲೇ ಬರೆದ ಚಿತ್ರ. ಈಗ ಇರುವುದು ಅಮೆರಿಕದ ಹಾರ್ಟ್‌ಫರ್ಡ್‌ನ ವಾಡ್ಸ್‌ವರ್ತ್ ಅಥೀನಿಯಂ ಕಲಾ ಸಂಗ್ರಹಾಲಯದಲ್ಲಿ.

ಮೂರನೆಯದು ಮನುಷ್ಯ. ಎರ್ನ್ಸ್ಟ್ 1891ರಲ್ಲಿ ಜರ್ಮನಿಯ ಬ್ರೂಲ್‌ನಲ್ಲಿ ಹುಟ್ಟಿದವನು, ಮೊದಲ ಮಹಾಯುದ್ಧದಲ್ಲಿ ಜರ್ಮನ್ ಫಿರಂಗಿ ದಳದಲ್ಲಿದ್ದವನು. ಅಂದರೆ ಇದು ಅವನು ಕಂಡ ಎರಡನೇ ಯುದ್ಧ. 1937ರಲ್ಲಿ ನಾಜಿಗಳು ಮ್ಯೂನಿಕ್‌ನಲ್ಲಿ ‘ಕೆಟ್ಟ ಕಲೆ’ ಎಂದು ಹೀಯಾಳಿಸಲು ಏರ್ಪಡಿಸಿದ ಪ್ರದರ್ಶನದಲ್ಲಿ ಅವನ ಚಿತ್ರವನ್ನೂ ತೂಗುಹಾಕಿದರು. 1939ರಲ್ಲಿ ಫ್ರಾನ್ಸ್ ಅವನನ್ನು ಶತ್ರು ದೇಶದವನೆಂದು ಹಿಡಿದು ಲೇ ಮೀಲ್ ಶಿಬಿರದಲ್ಲಿಟ್ಟಿತು. ಅದು ಹೆಂಚು, ಇಟ್ಟಿಗೆಯ ಕಾರ್ಖಾನೆಯಾಗಿತ್ತು, ಕೈದಿಗಳು ಇಟ್ಟಿಗೆ ಧೂಳಿನ ನಡುವೆ ಮಲಗುತ್ತಿದ್ದರು. ಕವಿ ಪಾಲ್ ಎಲುವಾರ್ ಪ್ರಯತ್ನದಿಂದ ಬಿಡುಗಡೆಯಾಗಿ, 1940ರಲ್ಲಿ ಮತ್ತೆ ಸೆರೆ. ತಪ್ಪಿಸಿಕೊಂಡು ಮಾರ್ಸೇ ಬಂದರಿಗೆ ಬಂದು, ನಿರಾಶ್ರಿತ ಕಲಾವಿದರನ್ನು ಪಾರುಮಾಡುತ್ತಿದ್ದ ಅಮೆರಿಕದ ವೇರಿಯನ್ ಫ್ರೈ ಮತ್ತು ಕಲಾ ಸಂಗ್ರಾಹಕಿ ಪೆಗ್ಗಿ ಗುಗೆನ್‌ಹೈಮ್ ಅವರ ನೆರವಿನಿಂದ 1941ರ ಜುಲೈ 14ರಂದು ನ್ಯೂಯಾರ್ಕ್ ಮುಟ್ಟಿದ. ಅಲ್ಲಿಯೂ ಜರ್ಮನ್ ಎಂಬ ಕಾರಣಕ್ಕೆ ಕೆಲ ದಿನ ತಡೆಹಿಡಿದರು. ಒಬ್ಬನನ್ನೇ ಜರ್ಮನಿ ತನ್ನವನಲ್ಲ ಎಂದಿತು, ಉಳಿದೆರಡು ದೇಶ ಜರ್ಮನ್ ಎಂದವು. ಹಕ್ಕಿ ತಲೆಯವನ ಪಕ್ಕದಲ್ಲಿ ಹೆಂಗಸು ಬೆನ್ನು ತಿರುಗಿಸಿ ನಿಂತಿರುವುದನ್ನು ನೋಡುವಾಗ, ಹಕ್ಕಿ ಎರ್ನ್ಸ್ಟ್ ತನಗೆ ತಾನೇ ಕೊಟ್ಟುಕೊಂಡ ರೂಪ, ‘ಲೊಪ್‌ಲೊಪ್’ ಎಂಬುದು ಅದರ ಹೆಸರು ಎಂಬುದೂ ನೆನಪಿರಲಿ.

ಬಂದೂಕಿಲ್ಲದೆ ಯುದ್ಧ ಹೇಗೆ ಎಂದರೆ ಕೈಕೆಲಸವನ್ನೇ ತೋರಿಸಿ. ಡಾಲಿ 1936ರಲ್ಲಿ ಸ್ಪೇನಿನ ಅಂತರ್ಯುದ್ಧದ ಮುನ್ಸೂಚನೆಯೆಂದು ಹೆಸರಾದ ಚಿತ್ರ ಮಾಡಿದ, ಬೇಯಿಸಿದ ಹುರುಳಿಕಾಯಿ ಬೀಜಗಳು ಚೆಲ್ಲಿರುವುದು. ಅಲ್ಲಿ ತನ್ನನ್ನೇ ಕಿತ್ತುಕೊಳ್ಳುವ ದೇಹದ ಪ್ರತಿ ಬೆರಳನ್ನೂ ಅವನು ನಯವಾಗಿ ತಿದ್ದಿ ಬರೆದಿದ್ದಾನೆ. ಎರ್ನ್ಸ್ಟ್ ಹಾಗೆ ಮಾಡಲಿಲ್ಲ. ಹಾಳಾದದ್ದನ್ನು ಬರೆಯಲಿಲ್ಲ, ಬಣ್ಣವನ್ನೇ ಹಾಳಾಗಲು ಬಿಟ್ಟ, ಆಮೇಲೆ ಅದರಲ್ಲಿ ಯಾರಾದರೂ ಬದುಕಿದ್ದಾರೋ ಎಂದು ಹುಡುಕಿದ. ಬೀದರದವರು ಹೇಳಿದ ಆಕಾಶದ ಮಾತನ್ನು ಇಲ್ಲಿ ಸೇರಿಸಿ. ನಿಮ್ಮ ಅಭ್ಯಾಸ ಪ್ರತಿಯ ಪಕ್ಕದಲ್ಲಿ ಆಕಾಶ ಹಚ್ಚುವ ಮೊದಲಿನ ಒಂದು ಫೋಟೊ ಇಟ್ಟರೆ ಪರೀಕ್ಷಕರಿಗೆ ಬೇರೆ ಮಾತು ಬೇಕಾಗುವುದಿಲ್ಲ.


ಗುಡ್ಡದ ನೆರಳು, ಯಾದಗಿರಿ

ಒಣಗಿಸೋದರ ಬಗ್ಗೆ ಎರಡು ಮಾತು ಬಿಟ್ಟುಹೋಗ್ಯಾವ.

ಮೊದಲ ಒಂದ ದಿನ ಹಲಗಿ ಮಲಗಿಸೇ ಇಡ್ರಿ, ಗ್ವಾಡಿಗೆ ನಿಂದ್ರಿಸಿದ್ರ ದಪ್ಪ ಬಳ್ಳಿ ಕೆಳಗ ಜಾರ್ತಾವ. ಬಿಸಿಲಿಗೆ ಇಡಬ್ಯಾಡ್ರಿ, ಲಗೂ ಒಣಗ್ತದ ಅನ್ನೋದು ಬರೇ ಮ್ಯಾಲಿನ ಕೆನಿಗೆ. ಬ್ಯಾಸಗಿ ಗಾಳಿ ಧೂಳಿಗೆ ಹಸಿ ಬಳ್ಳಿ ಅಂದ್ರ ಅಂಟು ಹಾಳಿ ಇದ್ದಂಗ, ಕೂತ ಧೂಳು ತಗೀಲಾಕ ಬರಂಗಿಲ್ಲ. ನಾಲ್ಕ ಮೂಲಿಗೆ ನಾಲ್ಕ ಡಬ್ಬಿ ಇಟ್ಟು ಮ್ಯಾಲ ರಟ್ಟು ಹೊಚ್ರಿ, ಬಣ್ಣದಿಂದ ಅರ್ಧ ಗೇಣು ಎತ್ತರ ಇರ್ಲಿ, ಪಕ್ಕದಿಂದ ಗಾಳಿ ಆಡ್ಲಿ. ಎಣ್ಣಿ ಬಣ್ಣ ಒಣಗೋದು ನೀರು ಹಾರಿದಂಗ ಅಲ್ಲ, ಗಾಳಿಯೊಳಗಿನ ಆಮ್ಲಜನಕ ಹಿಡಿದು ಗಟ್ಟಿ ಆಗೋದು. ಪೆಟ್ಟಿಗ್ಯಾಗ ಮುಚ್ಚಿಟ್ರ ತಡ ಆಗ್ತದ. ನೇರ ಫ್ಯಾನಿನ ಕೆಳಗೂ ಬ್ಯಾಡ.

ಇನ್ನೊಂದು ಇದಕ್ಕಿಂತ ದೊಡ್ಡದು. ಗ್ಲೇಜ್ ಒರಸಿದ ಅರಿವಿ, ಗಾಜು ಒರಸಿದ ಅರಿವಿ ಮುದ್ದಿ ಮಾಡಿ ಮೂಲಿಗೆ ಒಗೀಬ್ಯಾಡ್ರಿ. ಲಿನ್‌ಸೀಡ್ ಎಣ್ಣಿ ಒಣಗುವಾಗ ಶಾಖ ಬಿಡ್ತದ. ಮುದ್ದಿ ಒಳಗ ಆ ಶಾಖ ಹೊರಗ ಹೋಗಂಗಿಲ್ಲ, ಹೆಚ್ಚಾಗಿ ಹೆಚ್ಚಾಗಿ ತಾನಾಗೇ ಬೆಂಕಿ ಹತ್ತತದ, ಕಡ್ಡಿ ಗೀರೋದು ಬೇಕಾಗಿಲ್ಲ. ನಮ್ಮ ಮೇ ತಿಂಗಳ ಕ್ವಾಣ್ಯಾಗ ಇನ್ನಾ ಲಗೂ. ಒಂದ ಹಳೇ ಬಕೀಟಿನ್ಯಾಗ ನೀರು ತುಂಬಿ ಕೆಲಸದ ಮಗ್ಗಲಿಗೇ ಇಟ್ಕೋರಿ, ಅರಿವಿ ಮುಳುಗಿಸಿ ಬಿಡ್ರಿ. ಇಲ್ಲಾಂದ್ರ ಬಯಲಿನ್ಯಾಗ ಹಗ್ಗದ ಮ್ಯಾಲ ಒಂದೊಂದೇ ಬಿಡಿಸಿ ಒಣಗಹಾಕ್ರಿ, ಗರಿಗರಿ ಆದ ಮ್ಯಾಲ ಒಗೀರಿ. ಟರ್ಪೆಂಟೈನ್ ಬಾಟ್ಲಿ ಮುಚ್ಚಳ ಹಾಕಿ ಹೊರಗ ನೆರಳಿಗೆ ಇಡ್ರಿ, ಕಿಡಕಿ ತಗದೇ ಕೆಲಸ ಮಾಡ್ರಿ.

ವಾರ್ನಿಶ್‌ಗೆ ಅವಸರ ಬ್ಯಾಡ. ಇಷ್ಟು ದಪ್ಪ ಬಳ್ಳಿಗೆ ಆರ ತಿಂಗಳು, ಒಂದ ವರ್ಷ ಆದ್ರೂ ಛಲೋನೇ. ಪರೀಕ್ಷಾ ಮುಗದು ಮಳಿಗಾಲ ಕಳೀಲಿ, ಆಮ್ಯಾಲ ಉಗುರು ಹಚ್ಚಿ ನೋಡಿ ಹಚ್ರಿ.